ಅಡುಗೆಮನೆಗೆ ಸಾಕಾಗುವ ದನಿ

ಆ ಶಾಲೆಯ ಹೆಡ್‌ಮಾಸ್ಟರು ತರಗತಿಯ ಹೊಸ್ತಿಲು ದಾಟುತ್ತಿದ್ದುದು ಅಪರೂಪ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸದ್ದಾಗದ ಚಪ್ಪಲಿಯಲ್ಲಿ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುವರು. ಪ್ರತಿ ಬಾಗಿಲ ಪಕ್ಕ ಒಂದು ಗಳಿಗೆ ನಿಂತು, ತಲೆ ತುಸು ವಾಲಿಸಿ, ಒಳಗಿನ ಸದ್ದು ಕೇಳಿ ಮುಂದೆ ಹೋಗುವರು. ಟೀಚರ ದನಿ ಕೇಳಿಸಿದರೆ ಪಾಠ ನಡೆಯುತ್ತಿದೆ. ಮಕ್ಕಳ ದನಿ ಕೇಳಿಸಿದರೆ ಗಲಾಟೆ ನಡೆಯುತ್ತಿದೆ. ಏನೂ ಕೇಳಿಸದಿದ್ದರೆ ಟೀಚರು ಕುರ್ಚಿಯಲ್ಲಿ ತೂಕಡಿಸುತ್ತಿದ್ದಾರೆ. ತಮ್ಮ ಸರ್ವೀಸಿನಲ್ಲಿ ಈ ಅಂದಾಜು ಒಮ್ಮೆಯೂ ತಪ್ಪಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರಿಗೆ ಕಿವಿ ಸಾಹೇಬರು ಎಂದು ಹೆಸರು.

ಲೆಕ್ಕದ ಟೀಚರಿಗೆ ಇದು ನಗುವ ವಿಷಯವಾಗಿತ್ತು, ಅವಳ ಗಂಟಲು ಸರಿಯಿದ್ದಷ್ಟು ದಿನ.

ಆರನೇ ತರಗತಿಯ ಒಂದು ವಿಭಾಗಕ್ಕೆ ಎಲ್ಲ ಪಾಠಗಳನ್ನೂ ಅವಳೇ ಮಾಡುತ್ತಿದ್ದಳು. ಆದರೂ ಜೀವವಿದ್ದದ್ದು ಲೆಕ್ಕದಲ್ಲಿ, ಹೆಸರು ಬಂದದ್ದೂ ಅದರಿಂದಲೇ. ಪಕ್ಕದ ವಿಭಾಗ ಗಂಟೆ ಟೀಚರದು. ಅವಳ ದನಿಯನ್ನು ಒಮ್ಮೆ ಕೇಳಿದವರಿಗೆ ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಿರಲಿಲ್ಲ. ಎರಡು ತರಗತಿಗಳೂ ಹಿಂದೆ ಒಂದೇ ಹಾಲ್ ಆಗಿದ್ದವು. ಮಕ್ಕಳು ಹೆಚ್ಚಾದ ವರ್ಷ ನಡುವೆ ಪ್ಲೈವುಡ್ಡಿನ ಗೋಡೆಯೊಂದನ್ನು ನಿಲ್ಲಿಸಿದರು. ಚಾವಣಿ ಮುಟ್ಟುವಷ್ಟು ಹಲಗೆ ಸಾಲದೆ ಮೇಲೆ ಒಂದಾಳುದ್ದ ಜಾಗವನ್ನು ಹಾಗೇ ಬಿಟ್ಟರು. ಈ ಕಡೆ ಸೀನಿದರೆ ಆ ಕಡೆಯ ಮಕ್ಕಳು ನಗುತ್ತಿದ್ದರು.

ಅಂಥ ಗೋಡೆಯ ಅಕ್ಕಪಕ್ಕ ಪಾಠ ಮಾಡುವುದೆಂದರೆ ಒಂದೇ ಒಲೆಯಲ್ಲಿ ಎರಡು ಮನೆಯ ಅಡುಗೆ ಮಾಡಿದ ಹಾಗೆ. ಇಬ್ಬರೂ ಸೇರಿ ಅದಕ್ಕೊಂದು ರೀತಿ ಕಂಡುಕೊಂಡಿದ್ದರು. ಹಲಗೆಯ ಮೇಲೆ ಒಂದು ಸಲ ಕುಟ್ಟಿದರೆ, ನಮ್ಮ ಕಡೆ ಈಗ ಪದ್ಯವೋ ಮಗ್ಗಿಯೋ ಶುರುವಾಗುತ್ತದೆ, ನೀವು ಬರೆಯುವ ಕೆಲಸ ಕೊಡಿ ಎಂದರ್ಥ. ಎರಡು ಸಲ ಕುಟ್ಟಿದರೆ, ಈಗ ಕಷ್ಟದ ಜಾಗಕ್ಕೆ ಬಂದಿದ್ದೇವೆ, ದಯವಿಟ್ಟು ಸದ್ದು ಬೇಡ ಎಂದು. ಅಷ್ಟು ವರ್ಷಗಳಲ್ಲಿ ಇಬ್ಬರಲ್ಲಿ ಒಬ್ಬರಾದರೂ ಆ ಎರಡು ಏಟುಗಳನ್ನು ಮೀರಿದ್ದಿಲ್ಲ. ಗಂಡ ಹೆಂಡತಿ ನಡುವೆಯೂ ಇಷ್ಟು ಹೊಂದಾಣಿಕೆ ಇರುವುದಿಲ್ಲ ಎಂದು ಲೆಕ್ಕದ ಟೀಚರ್ ಮನೆಯಲ್ಲಿ ಹೇಳಿ ಗಂಡನ ಬಾಯಲ್ಲಿ ಅನಿಸಿಕೊಂಡಿದ್ದಳು.

ಗಂಟೆ ಟೀಚರ್ ಅವಳಿಗಿಂತ ಹತ್ತು ವರ್ಷ ಚಿಕ್ಕವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳು ಅವಳನ್ನು ಕುಣಿಸಿ ಹಾಕಿದ್ದರು. ಒಂದು ಮಧ್ಯಾಹ್ನ ನೀರಿನ ನಲ್ಲಿಯ ಹತ್ತಿರ ನಿಂತು ಅಳುತ್ತಿದ್ದವಳನ್ನು ಲೆಕ್ಕದ ಟೀಚರ್ ಒಳಗೆ ಕರೆದುಕೊಂಡು ಹೋಗಿ, ಕಿರುಚಿದಷ್ಟೂ ಅವರು ಕಿರುಚುತ್ತಾರೆ, ದನಿ ಇಳಿಸಿ ನೋಡು, ಏನೋ ಗುಟ್ಟು ಹೇಳುತ್ತಿದ್ದೀಯ ಅಂತ ತಾವಾಗಿ ಕಿವಿ ಕೊಡುತ್ತಾರೆ ಎಂದು ಹೇಳಿಕೊಟ್ಟಿದ್ದಳು. ಅಂದಿನಿಂದ ಅವಳು ಇವಳನ್ನು ಅಕ್ಕ ಎಂದೇ ಕರೆಯುತ್ತಿದ್ದದ್ದು. ಒಡಹುಟ್ಟಿದವರಿಲ್ಲದ ಲೆಕ್ಕದ ಟೀಚರಿಗೆ ಆ ಕರೆ ಕಿವಿಗೆ ಬಿದ್ದಾಗಲೆಲ್ಲ ಎಲ್ಲೋ ಒಂದು ಕಡೆ ತಂಪಾಗುತ್ತಿತ್ತು. ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥದ್ದೂ ಅಲ್ಲ.

ಆ ವರ್ಷ ರಜೆ ಮುಗಿದು ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ಲೆಕ್ಕದ ಟೀಚರ ದನಿ ಒಡೆಯಿತು. ಮೊದಲು ನೆಗಡಿ ಎಂದುಕೊಂಡಳು. ಬಿಸಿನೀರು, ಉಪ್ಪುನೀರು, ಅತ್ತೆ ಹೇಳಿದ ಕಷಾಯ, ಗಂಡ ತಂದ ಮಾತ್ರೆ ಎಲ್ಲ ಆಯಿತು. ಸಂಜೆಯ ಹೊತ್ತಿಗೆ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. ಕೊನೆಗೆ ಗಂಟಲಿನ ಡಾಕ್ಟರ ಬಳಿ ಹೋದಾಗ ಅವರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ನೀವು ಟೀಚರಾ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದಳು. ವರ್ಷಗಟ್ಟಲೆ ಕೂಗಿ ಕೂಗಿ ಆಗುವ ಗಾಯ ಇದು, ಸ್ವಲ್ಪ ವಾಸಿಯಾಗುತ್ತದೆ, ಪೂರ್ತಿ ಆಗುವುದಿಲ್ಲ ಎಂದರು. ಎಷ್ಟರ ಮಟ್ಟಿಗೆ ಎಂದು ಅವಳು ಪಿಸುಗುಟ್ಟಿದಾಗ ಆ ಮನುಷ್ಯ ತಮಾಷೆಯ ದನಿಯಲ್ಲೇ ಹೇಳಿದ್ದರು:

“ಅಡುಗೆಮನೆಗೆ ಸಾಕಾಗುತ್ತೆ ತಾಯಿ. ತರಗತಿಗೆ ಸಾಲದು.”

ಮನೆಯಲ್ಲಿ ಇದನ್ನು ಅವಳು ಹೇಳಲಿಲ್ಲ. ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದಷ್ಟೇ ಸನ್ನೆ ಮಾಡಿದಳು. ಮದುವೆಯಾದಾಗಿನಿಂದ ಇಂಥ ವೈದ್ಯರನ್ನೇ ಹುಡುಕುತ್ತಿದ್ದೆ ಎಂದು ಗಂಡ ನಕ್ಕ. ಅತ್ತೆ ಮಗನನ್ನು ಗದರಿಸಿದರೂ, ಅಂದಿನಿಂದ ಟಿವಿಯ ಮುಂದೆ ಕೂತು ಸೊಸೆಯ ಅಡುಗೆಯ ಕೊರತೆಗಳನ್ನು ನಿಧಾನವಾಗಿ, ಒಂದೊಂದಾಗಿ ಹೇಳತೊಡಗಿದರು. ಎದುರು ಮಾತು ಬರುವುದಿಲ್ಲವೆಂಬ ಧೈರ್ಯ. ಅವಳಿಗೆ ಸಿಟ್ಟಿಗಿಂತ ನಗು ಬರುತ್ತಿತ್ತು. ಅಡುಗೆಮನೆಯ ಆ ಮಾತನ್ನು ಮಾತ್ರ ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುವಂತಿತ್ತು. ಮರುದಿನ ಊಟದ ಬಿಡುವಿನಲ್ಲಿ ಗಂಟೆ ಟೀಚರ ಕಿವಿಯ ಹತ್ತಿರ ಬಾಗಿ, ಡಾಕ್ಟರು ಹೇಳಿದ ಧಾಟಿಯಲ್ಲೇ ಹೇಳಿದಳು. ಇಬ್ಬರೂ ನಕ್ಕರು. ನಗುತ್ತಲೇ ಲೆಕ್ಕದ ಟೀಚರ ಕಣ್ಣು ತುಂಬಿತು.

ಕಿವಿ ಸಾಹೇಬರಿಗೆ ಗೊತ್ತಾದರೆ ಏನು ಗತಿ ಎಂದಳು. ಗಂಟೆ ಟೀಚರ್ ಅವಳ ಮೊಣಕೈ ಹಿಡಿದುಕೊಂಡು, “ನನ್ನ ದನಿ ಇಬ್ಬರಿಗೂ ಸಾಕಾಗಿ ಮಿಕ್ಕುತ್ತೆ ಅಕ್ಕ. ಗೋಡೆ ಅರ್ಧ ತಾನೇ ಇರೋದು?” ಎಂದಳು.

ಹಾಗೆ ಶುರುವಾಯಿತು. ಎರಡೂ ವಿಭಾಗಕ್ಕೂ ಒಂದೇ ಪಾಠ. ಓದಿ ಹೇಳುವುದು, ಮಗ್ಗಿ ಹೇಳಿಸುವುದು, ಪ್ರಶ್ನೆ ಕೇಳುವುದು ಗಂಟೆ ಟೀಚರ್. ಆ ಕಡೆಯಿಂದ ಅವಳು “ಒಂಬತ್ತು ಆರ್ಲ?” ಎಂದರೆ ಈ ಕಡೆಯ ಮಕ್ಕಳೂ ಗೋಡೆಯ ಮೇಲಿನ ಸಂದಿಯತ್ತ ಮುಖ ಎತ್ತಿ “ಐವತ್ತನಾಲ್ಕು” ಎನ್ನುತ್ತಿದ್ದರು. ಅದಕ್ಕೆ ಬದಲಾಗಿ ಎರಡೂ ವಿಭಾಗದ ಪಾಠವನ್ನು ಹಿಂದಿನ ಸಂಜೆ ಕೂತು ಯೋಚಿಸುವುದು, ಬೋರ್ಡಿನ ಕೆಲಸ, ಎಲ್ಲ ಮಕ್ಕಳ ಲೆಕ್ಕ ತಿದ್ದುವುದು, ಪ್ರಶ್ನೆಪತ್ರಿಕೆ ಮಾಡುವುದು ಲೆಕ್ಕದ ಟೀಚರ ಪಾಲು. ಮನೆಗೆ ಎರಡು ಚೀಲ ಹೊತ್ತುಕೊಂಡು ಹೋಗುತ್ತಿದ್ದಳು. ನ್ಯಾಯವಾದ ಹಂಚಿಕೆ ಎಂದೇ ಅವಳ ಭಾವನೆ. ಕಿವಿ ಸಾಹೇಬರು ಬಾಗಿಲ ಪಕ್ಕ ನಿಂತಾಗ ಪಾಠದ ದನಿ ಕೇಳಿಸುತ್ತಿತ್ತು, ತೃಪ್ತಿಯಿಂದ ಮುಂದೆ ಹೋಗುತ್ತಿದ್ದರು.

ಆದರೆ ದಿನಕ್ಕೊಂದು ಪೀರಿಯಡ್ಡನ್ನು ಅವಳು ತನಗೇ ಇಟ್ಟುಕೊಂಡಿದ್ದಳು. ಲೆಕ್ಕದ ಪೀರಿಯಡ್. ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪಿರಲಿಲ್ಲ. ಹಲಗೆಗೆ ಎರಡು ಸಲ ಕುಟ್ಟಿದರೆ ಆ ಕಡೆ ಬರೆಯುವ ಕೆಲಸ ಶುರುವಾಗುತ್ತಿತ್ತು, ಈ ಕಡೆ ಅವಳು ಮಾತಿಲ್ಲದ ಪಾಠಕ್ಕೆ ನಿಲ್ಲುತ್ತಿದ್ದಳು. ಮೊದಮೊದಲು ಮಕ್ಕಳಿಗೆ ಅದು ಆಟ. ಟೀಚರ್ ಮೂಕಾಭಿನಯ ಮಾಡುತ್ತಾರೆಂದು ಕಿಸಿಕಿಸಿ ನಕ್ಕರು. ಹಿಂದಿನ ಬೆಂಚಿನವರು ಕಾಗದದ ಉಂಡೆ ಎಸೆದರು. ಒಂದು ದಿನ ಕೂಗಲಾಗದೆ ಮೇಜಿಗೆ ಡಸ್ಟರ್ ಬಡಿದು ಬಡಿದು, ಬಿಳಿ ಪುಡಿಯಲ್ಲಿ ಮುಖ ಮುಚ್ಚಿಹೋಗಿ, ಈ ಹಾಳು ಉದ್ಯೋಗವೇ ಬೇಡವೆನಿಸಿತ್ತು. ಆಮೇಲಾಮೇಲೆ ಏನೋ ಬದಲಾಯಿತು. ಅವಳು ಕಾಗದದ ಪಟ್ಟಿಯೊಂದನ್ನು ಎತ್ತಿ ಹಿಡಿದು, ಮಡಿಸಿ, ಹುಬ್ಬೇರಿಸಿ ನಿಂತರೆ ಸಾಕು, ಅವಳ ಕೈಯನ್ನೇ ನೋಡುತ್ತಿದ್ದ ಮುಖಗಳಲ್ಲಿ ಯೋಚನೆ ಓಡಾಡುವುದು ಕಾಣುತ್ತಿತ್ತು. ಕೂಗಿ ಹೇಳಿದ ವರ್ಷಗಳಲ್ಲಿ ಅವಳು ಅದನ್ನು ನೋಡಿಯೇ ಇರಲಿಲ್ಲ. ಉತ್ತರವನ್ನು ಅವರ ಬಾಯಿಗೆ ಬರುವ ಮೊದಲೇ ತಾನೇ ಹೇಳಿಬಿಡುತ್ತಿದ್ದೆ ಎಂದು ಈಗ ಹೊಳೆಯುತ್ತಿತ್ತು.

ಮೂರನೇ ಬೆಂಚಿನಲ್ಲಿ ಒಬ್ಬಳು ಹುಡುಗಿ, ಎಲ್ಲದಕ್ಕೂ ಯಾಕೆ ಯಾಕೆ ಎನ್ನುವವಳು. ಜೊತೆಯವರು ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದರು. ಮಾತಿನ ತರಗತಿಯಲ್ಲಿ ಆ ಮಗುವಿನ ಪ್ರಶ್ನೆಗಳು ಕಾಟ. ಪಾಠ ಮುಗಿಯುವುದು ಹೇಗೆಂದು ಟೀಚರುಗಳು ಅವಳನ್ನು ಕೂರಿಸುತ್ತಿದ್ದರು. ಈ ಮೌನದ ಪೀರಿಯಡ್‌ನಲ್ಲಿ ಒಂದು ದಿನ ಅವಳು ತಾನೇ ಎದ್ದು ಬಂದು, ಟೀಚರ ಕೈಯಿಂದ ಕಾಗದ ತೆಗೆದುಕೊಂಡು ಇನ್ನೊಂದು ರೀತಿ ಮಡಿಸಿ ತೋರಿಸಿದಳು. ಆ ಸಂಜೆ ಮನೆಗೆ ನಡೆಯುವಾಗ ಲೆಕ್ಕದ ಟೀಚರಿಗೆ ಭುಜದ ಮೇಲಿನ ಚೀಲಗಳು ಹಗುರವಾಗಿದ್ದವು. ಈ ಮಕ್ಕಳನ್ನು ವರ್ಷದ ಕೊನೆಯವರೆಗೂ ತಾನೇ ಕೊಂಡೊಯ್ದರೆ ಸಾಕು, ಆಮೇಲೆ ಏನಾದರೂ ಆಗಲಿ ಎಂದುಕೊಂಡಳು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಕೆಲವು ವಾರಕ್ಕೆ, ಒಂದು ಸೋಮವಾರ ಹೆಡ್‌ಮಾಸ್ಟರು ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಕೂತುಕೊಳ್ಳಿ ಎಂದರು, ನೀರು ಕುಡಿಯುತ್ತೀರಾ ಎಂದರು. ಅವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ನೋಡಿರಲಿಲ್ಲ. ಮಕ್ಕಳ ಸಂಖ್ಯೆ ಇಳಿದಿದೆ, ಆರನೇ ತರಗತಿಗೆ ಎರಡು ವಿಭಾಗ ಬೇಡವೆಂದು ಮೇಲಿನಿಂದ ಆದೇಶ ಬಂದಿದೆ, ಗೋಡೆ ತೆಗೆದು ಒಂದೇ ಹಾಲ್ ಮಾಡುತ್ತೇವೆ, ಒಬ್ಬರೇ ಟೀಚರ್ ಸಾಕು ಎಂದು ವಿವರಿಸಿದರು. ಇನ್ನೊಬ್ಬರು ಸ್ಟೋರ್ ರೂಮು ನೋಡಿಕೊಳ್ಳಬೇಕು. ಸ್ಟೋರ್ ರೂಮೆಂದರೆ ಮುರಿದ ಬೆಂಚು, ಹಳೆಯ ನಕಾಶೆ, ಸೀಮೆಸುಣ್ಣದ ಪೆಟ್ಟಿಗೆಗಳಿರುವ ಹಿಂಭಾಗದ ಕೋಣೆ. ಅಲ್ಲಿಗೆ ಹೋದವರು ತರಗತಿಗೆ ವಾಪಸು ಬಂದದ್ದನ್ನು ಯಾರೂ ಕಂಡಿಲ್ಲ.

ಸರ್ವೀಸಿನಲ್ಲಿ ದೊಡ್ಡವಳು ತಾನು ಎಂದು ಅವಳು ಪಿಸುದನಿಯಲ್ಲಿ ನೆನಪಿಸಿದಳು. ಹೆಡ್‌ಮಾಸ್ಟರು ಹೌದು ಹೌದು ಎಂದು ತಲೆಯಾಡಿಸಿ, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ, ಬೇಜಾರು ಮಾಡಿಕೊಳ್ಳಬೇಡಿ ಎಂದು ಶುರು ಮಾಡಿದರು.

“ಡಾಕ್ಟರೇ ಹೇಳಿದ್ದಾರಂತಲ್ಲ. ಅಡುಗೆಮನೆಗೆ ಸಾಕು, ತರಗತಿಗೆ ಸಾಲದು ಅಂತ.”

ಕೋಣೆಯ ಫ್ಯಾನು, ಗೋಡೆಯ ವೇಳಾಪಟ್ಟಿ, ಅವರ ಪೆನ್ನು ಎಲ್ಲ ಇದ್ದ ಹಾಗೇ ಇದ್ದವು. ಆ ಮಾತು ಲೋಕದಲ್ಲಿ ಮೂರು ಜನಕ್ಕೆ ಗೊತ್ತಿತ್ತು. ಡಾಕ್ಟರಿಗೆ ಈ ಶಾಲೆ ಯಾವುದೆಂದೂ ಗೊತ್ತಿಲ್ಲ.

ಅಷ್ಟರಲ್ಲೂ ಒಂದು ಬುದ್ಧಿ ಉಳಿದಿತ್ತು. ಹೊರಗೆ ನಿಂತು ಕೇಳಬೇಡಿ ಸರ್, ಒಂದೇ ಒಂದು ಪೀರಿಯಡ್ ಒಳಗೆ ಬಂದು ಕೂತು ನೋಡಿ ಎಂದು ಬೇಡಿಕೊಂಡಳು. ಅವರು ಗಡಿಯಾರ ನೋಡಿದರು, ಕ್ಯಾಲೆಂಡರ್ ನೋಡಿದರು. ದಾಕ್ಷಿಣ್ಯಕ್ಕೆ ಬಿದ್ದು, ಗುರುವಾರ ಎರಡನೇ ಪೀರಿಯಡ್ ಬರುತ್ತೇನೆ ಎಂದು ಒಪ್ಪಿದರು. ನನ್ನದೇನೂ ಹಟವಿಲ್ಲ, ಪಾಠ ನಡೆಯುತ್ತಿದೆ ಅಂತ ಕಂಡರೆ ಆ ಹಾಲ್ ನಿಮ್ಮದೇ ಎಂದೂ ಅಂದರು.

ಗಂಟೆ ಟೀಚರ್ ನಲ್ಲಿಯ ಹತ್ತಿರ ಊಟದ ಡಬ್ಬಿ ತೊಳೆಯುತ್ತಿದ್ದಳು. ಲೆಕ್ಕದ ಟೀಚರ್ ಪಕ್ಕದಲ್ಲಿ ನಿಂತು, ಡಾಕ್ಟರ ಮಾತು ಸಾಹೇಬರಿಗೆ ಹೇಗೆ ಗೊತ್ತಾಯಿತೆಂದು ಕೇಳಿದಳು. ಕೇಳುವಾಗ ತನ್ನದೇ ಮುಖ ಕೆಂಪಾದದ್ದು ಅವಳಿಗೆ ಗೊತ್ತಾಯಿತು, ತಪ್ಪು ತಾನೇ ಮಾಡಿದ ಹಾಗೆ. ಗಂಟೆ ಟೀಚರ್ ನಾಲಿಗೆ ಕಚ್ಚಿಕೊಂಡಳು. ನಿಮ್ಮ ಅಕ್ಕನ ಆರೋಗ್ಯ ಹೇಗಿದೆ ಅಂತ ಅವರೇ ವಿಚಾರಿಸಿದರು, ಪಾಪ ಹೀಗಂತೆ ಅಂತ ಬಾಯಿ ತಪ್ಪಿ ಬಂದುಹೋಯಿತು, ಯಾತಕ್ಕೆ ಕೇಳುತ್ತಿದ್ದಾರೆಂದು ತನಗೇನು ಗೊತ್ತು ಎಂದಳು. ಒದ್ದೆ ಕೈಯಲ್ಲೇ ಇವಳ ಕೈ ಹಿಡಿದಳು. ಗೋಡೆ ತೆಗೆಯುತ್ತಾರಂತೆ ಎಂದಾಗ ಹೌದಾ ಎಂದು ಕಣ್ಣಗಲಿಸಿದಳು.

ನಂಬುವುದು ಸುಲಭವಿತ್ತು. ನಂಬದಿದ್ದರೆ ಇಷ್ಟು ವರ್ಷಗಳನ್ನು ಎಲ್ಲಿಡುವುದು? ಮಾತು ಎಲ್ಲರಿಗೂ ಬಾಯಿ ತಪ್ಪುತ್ತದೆ, ಅದೂ ದಿನವಿಡೀ ಇಬ್ಬರ ಮಾತನ್ನು ಒಬ್ಬಳೇ ಆಡುವವಳಿಗೆ. ಲೆಕ್ಕದ ಟೀಚರ್ ಅದನ್ನು ಹೊಟ್ಟೆಗೆ ಹಾಕಿಕೊಂಡಳು. ಗುರುವಾರ ಎರಡನೇ ಪೀರಿಯಡ್ ಮಾತ್ರ ನಿನ್ನ ಮಕ್ಕಳಿಗೆ ಬರೆಯುವ ಕೆಲಸ ಕೊಟ್ಟುಬಿಡು, ಒಂದು ಪಿಟ್ ಅನ್ನಬಾರದು, ಇದೊಂದು ನಡೆಸಿಕೊಡು ಎಂದು ಕೇಳಿಕೊಂಡಳು.

“ಇದನ್ನ ಕೇಳ್ಬೇಕಾ ಅಕ್ಕ?” ಎಂದಳು ಗಂಟೆ ಟೀಚರ್.

ಬುಧವಾರ ಸಂಜೆಯೂ ಗೇಟಿನ ಹತ್ತಿರ ಮತ್ತೊಮ್ಮೆ ನೆನಪಿಸಿದ್ದಳು. ಮತ್ತೊಮ್ಮೆ ಹೂಂ ಸಿಕ್ಕಿತ್ತು.

ಗುರುವಾರಕ್ಕೆ ಅವಳು ಆರಿಸಿಕೊಂಡದ್ದು ಮಕ್ಕಳಿಗೂ ದೊಡ್ಡವರಿಗೂ ತಲೆಗೆ ಹತ್ತದ ಜಾಗ: ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಬರುವುದು. ಭಾಗಿಸಿದರೆ ಕಡಿಮೆಯಾಗಬೇಕಲ್ಲ, ಹೆಚ್ಚಾದದ್ದು ಹೇಗೆ? ಇದನ್ನು ಎಷ್ಟು ಕೂಗಿ ಹೇಳಿದರೂ ಮಕ್ಕಳು ಉರು ಹೊಡೆದು ಒಪ್ಪಿಸುತ್ತಾರೆಯೇ ಹೊರತು ನಂಬುವುದಿಲ್ಲ. ಕೈಯಲ್ಲಿ ಮಾಡಿ ನೋಡಿದರೆ ಮಾತ್ರ ನಂಬುತ್ತಾರೆ. ಬಣ್ಣದ ಕಾಗದದ ಪಟ್ಟಿಗಳನ್ನು ಹಿಂದಿನ ಸಂಜೆಯೇ ಕತ್ತರಿಸಿ ಇಟ್ಟುಕೊಂಡಿದ್ದಳು. ಅತ್ತೆ ಕೂಡ ಕನ್ನಡಕ ಹಾಕಿಕೊಂಡು ಕತ್ತರಿ ಹಿಡಿದು ಸಹಾಯಕ್ಕೆ ಕೂತಿದ್ದರು. ಕತ್ತರಿಸಿದಷ್ಟು ಹೊತ್ತೂ ಸೊಸೆಯ ಸಾರಿನ ಸುದ್ದಿ ಎತ್ತಿರಲಿಲ್ಲ.

ಹೆಡ್‌ಮಾಸ್ಟರು ಬಂದು ಹಿಂದಿನ ಬೆಂಚಿನಲ್ಲಿ, ಮೊಣಕಾಲು ಎದೆಗೆ ತಾಗುವಂತೆ, ಕೂತರು. ಅವಳು ಹಲಗೆಗೆ ಎರಡು ಸಲ ಕುಟ್ಟಿದಳು. ಆ ಕಡೆ ಸದ್ದು ನಿಂತಿತು. ಅವಳ ಮೈ ಸಡಿಲವಾಯಿತು.

ಪಾಠ ಚೆನ್ನಾಗಿಯೇ ಶುರುವಾಯಿತು. ಪ್ರತಿ ಮಗುವಿಗೂ ಪಟ್ಟಿ ಸಿಕ್ಕಿತು. ಅವಳು ತನ್ನ ಪಟ್ಟಿಯನ್ನು ಅರ್ಧ ಮಡಿಸಿ ಹರಿದು, ಒಂದು ತುಂಡನ್ನು ಬೋರ್ಡಿಗೆ ಅಂಟಿಸಿದಳು. ಕಾಲು ಭಾಗದ ತುಂಡೊಂದನ್ನು ಎತ್ತಿ ತೋರಿಸಿ, ಅದನ್ನು ಅರ್ಧದ ಮೇಲಿಟ್ಟು, ಎಷ್ಟು ಹಿಡಿಸುತ್ತದೆ ಎಂಬಂತೆ ಎರಡೂ ಕೈ ಅಗಲಿಸಿದಳು. ಕಾಗದದ ಸರಪರ ಬಿಟ್ಟರೆ ಕೋಣೆಯಲ್ಲಿ ಸದ್ದಿಲ್ಲ. ಮೊದಲ ಬೆಂಚಿನವನೊಬ್ಬ ಮೂಗಿನ ತುದಿಯಲ್ಲಿ ಬೆವರು ಹಿಡಿದು ಮಡಿಸುತ್ತಿದ್ದ. ಹೆಡ್‌ಮಾಸ್ಟರು ತಮಗರಿಯದೆ ಪಕ್ಕದ ಹುಡುಗನ ಪಟ್ಟಿಯೊಂದನ್ನು ತೆಗೆದುಕೊಂಡು ತಾವೂ ಮಡಿಸಿದ್ದನ್ನು ಅವಳು ನೋಡಿದಳು. ಯಾಕಮ್ಮನ ಹಣೆ ಗಂಟಾಗಿತ್ತು. ಆ ಗಂಟು ಬಿಚ್ಚುವ ಗಳಿಗೆ ಇನ್ನೇನು ಬಂತು ಎಂದು ಅವಳಿಗೆ ಗೊತ್ತಿತ್ತು. ಟೀಚರುಗಳು ಬದುಕುವುದೇ ಅಂಥ ಗಳಿಗೆಗಾಗಿ.

ಆಗ ಗೋಡೆಯ ಆಚೆಯಿಂದ ಗಂಟೆ ಟೀಚರ ದನಿ ಎದ್ದಿತು. “ಏಳು ಒಂದ್ಲ ಏಳು.” ಹಿಂದೆಯೇ ಇಡೀ ವಿಭಾಗದ ಕೊರಳು.

ಲೆಕ್ಕದ ಟೀಚರ್ ಹಲಗೆಯ ಬಳಿ ಹೋಗಿ ಎರಡು ಸಲ ಕುಟ್ಟಿದಳು. ಮಗ್ಗಿ ನಿಲ್ಲಲಿಲ್ಲ. ಮರೆತಿರಬೇಕು, ಕೇಳಿಸಿರಲಿಕ್ಕಿಲ್ಲ ಎಂದು ಮತ್ತೆ ಕುಟ್ಟಿದಳು, ಬೆರಳ ಗೆಣ್ಣು ನೋಯುವಷ್ಟು. ದನಿ ಇನ್ನೂ ಒಂದು ಹಂತ ಏರಿತು. ಈ ಕಡೆಯ ಮಕ್ಕಳು ಪಟ್ಟಿಗಳನ್ನು ಹಿಡಿದುಕೊಂಡು ಗೋಡೆಯತ್ತ ನೋಡತೊಡಗಿದರು. ಅವಳು ಎರಡೂ ಕೈ ಬೀಸಿ ಅವರ ಕಣ್ಣುಗಳನ್ನು ತನ್ನ ಕಡೆ ಎಳೆದುಕೊಂಡಳು. ಬಂದವು. ಮತ್ತೆ ಹೋದವು.

ಮಗ್ಗಿ ಮುಗಿಯಿತು. ಒಂದು ಉಸಿರಿನಷ್ಟು ಬಿಡುವು. ಆಮೇಲೆ ಗಂಟೆ ಟೀಚರ್ ಪ್ರಶ್ನೆ ಹಾಕಿದಳು.

“ಏಳು ಎಂಟ್ಲ?”

“ಐವತ್ತಾರು!”

ಉತ್ತರ ಬಂದದ್ದು ಈ ಕಡೆಯಿಂದಲೂ. ಅವಳ ಮಕ್ಕಳೆಲ್ಲರೂ ತಿಂಗಳುಗಳ ರೂಢಿಯಂತೆ ಸಂದಿಯತ್ತ ಮುಖ ಎತ್ತಿ, ಒಟ್ಟಾಗಿ, ಹುರುಪಿನಿಂದ ಹೇಳಿದ್ದರು. ಹೇಳಿದ ಮೇಲೆ, ಇವತ್ತು ಹೇಳಬಾರದಿತ್ತೇನೋ ಎಂದು ಅನುಮಾನ ಬಂದು ಕೆಲವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. “ಏಳು ಒಂಬತ್ಲ?” ಎಂದಿತು ಗೋಡೆ. ತಡೆಯಲಾರದೆ ಅರ್ಧ ತರಗತಿ ಅದಕ್ಕೂ ಉತ್ತರಿಸಿತು. ಯಾಕಮ್ಮನೂ ಉತ್ತರಿಸಿದಳು.

ಹೆಡ್‌ಮಾಸ್ಟರು ಕೈಯಲ್ಲಿದ್ದ ಪಟ್ಟಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅವರ ತಲೆ ಒಂದು ಕಡೆ ವಾಲಿತ್ತು, ಕಾರಿಡಾರಿನಲ್ಲಿ ವಾಲುವ ಹಾಗೆ. ಬೆಂಚಿನಿಂದ ಕಷ್ಟಪಟ್ಟು ಎದ್ದು ಅವಳ ಹತ್ತಿರ ಬಂದು, ಮಕ್ಕಳಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಹೇಳಿದರು:

“ಪಾಠ ಯಾರು ಮಾಡ್ತಿದ್ದಾರೆ ಅಂತ ಮಕ್ಕಳೇ ಹೇಳಿಬಿಟ್ಟರಲ್ಲ ಮೇಡಂ.”

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಕನಿಕರವಿತ್ತು, ಅದೇ ಅವಳನ್ನು ಹೆಚ್ಚು ಚುಚ್ಚಿತು. ಎರಡು ಚೀಲ ಹೊತ್ತ ಸಂಜೆಗಳನ್ನು, ಆಚೆಯ ಮಕ್ಕಳ ಬಾಯಲ್ಲಿ ಬರುವ ಉದಾಹರಣೆಗಳೂ ತನ್ನವೇ ಎಂಬುದನ್ನು ಅವರಿಗೆ ವಿವರಿಸಲು ಬಾಯಿ ತೆರೆದಳು. ಗಾಳಿ ಬಂತು. ಅವರು ಅವಳ ಭುಜದಾಚೆ ನೋಡುತ್ತ ತಲೆದೂಗಿ, ಸೋಮವಾರದಿಂದ ಸ್ಟೋರ್ ರೂಮಿನ ಬೀಗದ ಕೈ ತೆಗೆದುಕೊಳ್ಳಿ ಎಂದು ಹೇಳಿ ಹೊರಟರು. ಬಾಗಿಲಲ್ಲಿ ನಿಂತು ಇನ್ನೊಂದು ಮಾತೂ ಸೇರಿಸಿದರು, ಸಮಾಧಾನವಾಗಲಿ ಎಂಬಂತೆ: ತಿಂಗಳ ಹಿಂದೆಯೇ ನಾನು ಪಕ್ಕದ ಟೀಚರಿಗೆ ಹೇಳಿದ್ದೆ, ನಿಮಗೆ ನಿಧಾನವಾಗಿ ತಿಳಿಸಿ ಅಂತ, ತಿಳಿಸಿದ್ದಾರೆ ಅಂದುಕೊಂಡಿದ್ದೆ.

ತಿಂಗಳ ಹಿಂದೆ.

ಲೆಕ್ಕ ಅವಳ ತಲೆಯಲ್ಲಿ ತಾನಾಗಿ ನಡೆಯಿತು. ತಿಂಗಳೆಂದರೆ ಅಷ್ಟೂ ಊಟದ ಬಿಡುವುಗಳು. ಗಂಟೆ ಟೀಚರ ಮಗಳ ಜ್ವರಕ್ಕೆ ತಾನು ಮಾತ್ರೆ ತಂದುಕೊಟ್ಟ ಸಂಜೆ. ಎರಡೂ ವಿಭಾಗದ ಪರೀಕ್ಷೆಯ ಪತ್ರಿಕೆಗಳನ್ನು ತಾನೊಬ್ಬಳೇ ತಿದ್ದಿ ಮುಗಿಸಿದ ಭಾನುವಾರ. ನಲ್ಲಿಯ ಹತ್ತಿರ ಹೌದಾ ಎಂದು ಅಗಲಿಸಿದ ಆ ಕಣ್ಣು.

ಬಿಡುವಿನಲ್ಲಿ ಗಂಟೆ ಟೀಚರ್ ತಾನೇ ಬಂದಳು. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಮಕ್ಕಳು ಬರೆದು ಬೇಗ ಮುಗಿಸಿಬಿಟ್ಟರು, ಗಲಾಟೆ ಶುರುವಾಯಿತು, ಏನು ಮಾಡಲಿ ಎಂದು ಒಂದು ಕಾರಣ ಹೇಳಿದಳು. ಲೆಕ್ಕದ ಟೀಚರ್ ಅವಳ ಮುಖವನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಕಾರಣ ಕರಗಿಹೋಯಿತು.

“ನನಗೂ ಮನೆ ಇದೆ ಅಕ್ಕ,” ಎಂದಳು ಗಂಟೆ ಟೀಚರ್, ಈ ಸಲ ದನಿ ಇಳಿಸಿ. “ನೀವು ದೊಡ್ಡವರು. ಗಂಟಲು ಸರಿ ಇದ್ದಿದ್ದರೆ ಆ ಕೋಣೆಗೆ ಹೋಗೋಳು ನಾನು. ಅಲ್ಲಿ ಕೊಳೆಯೋ ವಯಸ್ಸಾ ನಂದು?” ಅವಳೇ ಮುಂದುವರಿಸಿದಳು. “ಇಷ್ಟು ತಿಂಗಳು ಇಬ್ಬರ ಪಾಲಿಂದು ಕೂಗಿದೀನಿ. ನಿನ್ನ ಗಂಟಲು ಹೇಗಿದೆ ಅಂತ ಒಂದು ದಿನ ಕೇಳಿದ್ರಾ?”

ಕೇಳಿರಲಿಲ್ಲ. ಅದು ನಿಜವಿತ್ತು. ನಿಜವಾದದ್ದರಿಂದಲೇ ಲೆಕ್ಕದ ಟೀಚರಿಗೆ ಮೈ ಉರಿಯಿತು. ತಾನು ಕೇಳಬಹುದಿತ್ತು, ಅವಳೂ ಹೇಳಬಹುದಿತ್ತು. ಸಾಕು ಅಕ್ಕ, ನನ್ನಿಂದಾಗುವುದಿಲ್ಲ ಎಂದಿದ್ದರೆ ಆ ಸಂಜೆಯೇ ಅವಳಿಂದ ಕೂಗಿಸುವುದನ್ನು ಬಿಟ್ಟುಬಿಡುತ್ತಿದ್ದಳು. ಸ್ಟೋರ್ ರೂಮಿನ ಸುದ್ದಿಯನ್ನು ತಿಂಗಳ ಹಿಂದೆ ಎದುರಿಗೆ ಕೂತು ಹೇಳಿದ್ದರೆ ಇಬ್ಬರೂ ಸೇರಿ ಬೇರೆ ದಾರಿ ಹುಡುಕುತ್ತಿದ್ದರೋ, ಜಗಳವಾಡುತ್ತಿದ್ದರೋ, ಅಂತೂ ಅದು ಇಬ್ಬರ ಜಗಳವಾಗಿರುತ್ತಿತ್ತು. ಅವಳ ನಾಲಿಗೆಗೆ ಬಂದದ್ದು ಒಂದೇ ಪ್ರಶ್ನೆ.

“ನನ್ನ ಮಕ್ಕಳು ಉತ್ತರ ಕೊಡ್ತಾರೆ ಅಂತ ಗೊತ್ತಿದ್ದೇ ಕೇಳಿದೆಯಾ?”

ಗಂಟೆ ಟೀಚರ್ ಕಿಟಕಿಯ ಕಡೆ ತಿರುಗಿದಳು. ಹೊರಗೆ ಮಕ್ಕಳು ಕಾಂಪೌಂಡಿನ ಧೂಳಿನಲ್ಲಿ ಓಡುತ್ತಿದ್ದರು.

ಶುಕ್ರವಾರ ಕೊನೆಯ ಪೀರಿಯಡ್. ಮಕ್ಕಳಿಗೆ ಸುದ್ದಿ ಹೇಗೋ ಮುಟ್ಟಿತ್ತು. ಗೋಡೆ ತೆಗೆಯುತ್ತಾರಂತೆ, ಆ ಕಡೆಯವರೆಲ್ಲ ನಮ್ಮ ಜೊತೆ ಕೂರುತ್ತಾರಂತೆ, ಹೌದಾ ಟೀಚರ್ ಎಂದು ಮುತ್ತಿಕೊಂಡರು. ಹೌದೆಂದು ತಲೆಯಾಡಿಸಿದಳು. ಹೋ ಎಂದು ಕುಣಿದರು. ಆ ಕಡೆ ಅವರ ಗೆಳೆಯರಿದ್ದರು, ಆಟದ ಜೊತೆಗಾರರಿದ್ದರು. ಅವರ ಸಂತೋಷದಲ್ಲಿ ಕೇಡೇನೂ ಇರಲಿಲ್ಲ. ಆದರೂ ಅವಳು ಬೋರ್ಡಿನ ಕಡೆ ತಿರುಗಿ, ಅಳಿಸಲು ಏನೂ ಇಲ್ಲದಿದ್ದರೂ ಅಳಿಸುತ್ತ ನಿಂತಳು.

ತಿರುಗಿದಾಗ ಯಾಕಮ್ಮ ಹತ್ತಿರ ಬಂದು ನಿಂತಿದ್ದಳು. ನಿನ್ನೆ ಸರ್ ಮಧ್ಯದಲ್ಲೇ ಯಾಕೆ ಎದ್ದುಹೋದರು ಎಂದು ಕೇಳಿದಳು. ನಾವು ಹೇಳಿದ್ದು ತಪ್ಪಾಗಿತ್ತಾ?

ತರಗತಿ ಸದ್ದಡಗಿತು. ಎಲ್ಲ ಮುಖಗಳೂ ಅವಳನ್ನೇ ನೋಡುತ್ತಿದ್ದವು. ಆ ನಿಶ್ಶಬ್ದದಲ್ಲಿ ಅವಳ ಪಿಸುಮಾತೂ ಕೊನೆಯ ಬೆಂಚಿಗೆ ತಲುಪುತ್ತಿತ್ತು. ನಡೆದದ್ದನ್ನು ಹೇಳಲು ಎರಡೇ ವಾಕ್ಯ ಸಾಕಿತ್ತು, ಆ ಎರಡೂ ವಾಕ್ಯಗಳು ನಾಲಿಗೆಯ ತುದಿಯಲ್ಲಿದ್ದವು. ಹೇಳಿದರೆ ಸೋಮವಾರ ಈ ಮಕ್ಕಳು ಗಂಟೆ ಟೀಚರ ಎದುರು ಯಾವ ಮುಖದಿಂದ ಕೂರುತ್ತಾರೆ? ತಾವೇ ಟೀಚರನ್ನು ಕಳಿಸಿಬಿಟ್ಟೆವೆಂದು ಎಷ್ಟು ದಿನ ಒಳಗೊಳಗೇ ಬೇಯುತ್ತಾರೆ? ಅವಳಿಗೆ ಹೇಳಬೇಕೆನಿಸುತ್ತಲೇ ಇತ್ತು.

“ಐವತ್ತಾರೇ ಸರಿ,” ಎಂದಳು. “ಸರಿಯಾಗೇ ಹೇಳಿದಿರಿ.”

ಯಾಕಮ್ಮನಿಗೆ ಸಮಾಧಾನವಾಗಲಿಲ್ಲ. ಆದರೆ ಅಷ್ಟರಲ್ಲಿ ಮನೆಗೆ ಹೋಗುವ ಬೆಲ್ ಹೊಡೆಯಿತು. ಆ ಬೆಲ್ಲಿಗೆ ಎದುರು ನಿಲ್ಲುವ ಪ್ರಶ್ನೆ ಯಾವ ಶಾಲೆಯಲ್ಲೂ ಇಲ್ಲ. ಒಂದೇ ಕ್ಷಣದಲ್ಲಿ ಕೋಣೆ ಖಾಲಿಯಾಯಿತು.

ಗೇಟಿನ ಹತ್ತಿರ ಗಂಟೆ ಟೀಚರ್ ಕಾಯುತ್ತಿದ್ದಳು. ಲೆಕ್ಕದ ಟೀಚರ್ ನೋಡದವಳಂತೆ ದಾಟಿದಳು. ಹಿಂದೆಯೇ ಬಿರಬಿರನೆ ಹೆಜ್ಜೆ ಹಾಕುತ್ತ ಬಂದು ಅವಳು ಪಕ್ಕಕ್ಕೆ ಸೇರಿಕೊಂಡಳು. ಕ್ಷಮೆ ಕೇಳಲು ಬಂದಿರಬೇಕೆಂದು ಎಣಿಸಿ, ಏನೆನ್ನಲಿ ಎಂದು ಲೆಕ್ಕದ ಟೀಚರ್ ಮನಸ್ಸಿನಲ್ಲೇ ತಯಾರಾದಳು. ಗಂಟೆ ಟೀಚರ್ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಆ ಕಾಗದದ ಪಾಠವನ್ನು ಎಲ್ಲಿಗೆ ನಿಲ್ಲಿಸಿದಿರಿ ಎಂದು ಕೇಳಿದಳು. ಸೋಮವಾರ ಅಲ್ಲಿಂದ ಶುರು ಮಾಡಬೇಕು, ಅದು ತನಗೂ ಅಷ್ಟು ಬಿಡಿಸಿ ಗೊತ್ತಿಲ್ಲ.

ಲೆಕ್ಕದ ಟೀಚರ್ ಫುಟ್‌ಪಾತಿನ ಮೇಲೆ ನಿಂತುಬಿಟ್ಟಳು. ಇಷ್ಟು ಹೊತ್ತೂ ಬಾರದ ಅಳು ಈಗ ಬರುವುದೋ ಎನಿಸಿತು, ನಗು ಬರುವುದೋ ಎನಿಸಿತು. ಎರಡೂ ಬರಲಿಲ್ಲ. ಅರ್ಧದ ಮೇಲೆ ಕಾಲನ್ನು ಇಟ್ಟು ಅಳೆಯುವಲ್ಲಿಗೆ ನಿಂತಿದೆ ಎಂದಳು. ಉತ್ತರವನ್ನು ನೀನು ಹೇಳಬಾರದು, ಅವರೇ ಇಟ್ಟು ನೋಡಬೇಕು, ಭಾಗಿಸುವುದು ಎಂದರೆ ಇದರಲ್ಲಿ ಅದು ಎಷ್ಟು ಸಲ ಹಿಡಿಸುತ್ತದೆ ಎಂದು ಕೇಳುವುದು, ಅಷ್ಟೇ. ಮೂರನೇ ಬೆಂಚಿನ ಹುಡುಗಿಗೆ ಮಧ್ಯದಲ್ಲಿ ಅಡ್ಡ ಬರಬೇಡ, ಅವಳಿಗೆ ಸಮಯ ಬೇಕು. ಪಟ್ಟಿಗಳು ಕಪಾಟಿನ ಕೆಳಗಿನ ಖಾನೆಯಲ್ಲಿವೆ. ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು. ಗಂಟೆ ಟೀಚರ್ ಬಾಗಿ, ಅವಳ ಬಾಯಿಯ ಹತ್ತಿರ ಕಿವಿ ತಂದು ಕೇಳಿಸಿಕೊಳ್ಳಬೇಕಾಯಿತು. ಲೆಕ್ಕದ ಟೀಚರ್ ದನಿಯನ್ನು ಒಂದಿಷ್ಟೂ ಏರಿಸಲಿಲ್ಲ.

“ಥ್ಯಾಂಕ್ಸ್ ಅಕ್ಕ,” ಎಂದಳು ಗಂಟೆ ಟೀಚರ್. ಅವಳ ಕಣ್ಣಲ್ಲಿ ನೀರಿತ್ತು.

“ಇನ್ಮೇಲೆ ನನ್ನ ಅಕ್ಕ ಅನ್ಬೇಡ.”

ಗಂಟೆ ಟೀಚರ್ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಟ್ಟಳು. “ಮತ್ತೆ ಏನಂತ ಕರೀಲಿ?”

“ಟೀಚರ್ ಅನ್ನು.”

ರಸ್ತೆಯ ಎರಡೂ ಬದಿ ನೋಡಿ, ಲೆಕ್ಕದ ಟೀಚರ್ ಆ ಕಡೆಗೆ ದಾಟಿದಳು. ಅವಳ ಮನೆಗೆ ಹೋಗುವ ದಾರಿ ಅವಳು ಬಿಟ್ಟುಬಂದ ಬದಿಯಿಂದಲೇ ಹತ್ತಿರವಾಗಿತ್ತು.